ಆಟದ ಯಂತ್ರಗಳ ಕಾದಾಟ: ಕೀಲಿಕೈ ಯಾರ ಕೈಯಲ್ಲಿ?

1983ರ ಜುಲೈ 15ರಂದು ಜಪಾನಿನ ಮಾರುಕಟ್ಟೆಗೆ ಎರಡು ಹೊಸ ಯಂತ್ರಗಳು ಬಂದವು. ಒಂದು ನಿಂಟೆಂಡೊ ಕಂಪನಿಯ ‘ಫ್ಯಾಮಿಕಾಮ್’, ಇನ್ನೊಂದು ಸೆಗಾ ಕಂಪನಿಯ ‘ಎಸ್‌ಜಿ-1000’. ಎರಡೂ ಮನೆಯ ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರಗಳು. ಅಂದು ಆರಂಭವಾದ ಪೈಪೋಟಿ 18 ವರ್ಷ ನಡೆದು, 2001ರಲ್ಲಿ ಸೆಗಾ ಯಂತ್ರ ತಯಾರಿಕೆಯನ್ನೇ ಕೈಬಿಡುವುದರೊಂದಿಗೆ ಮುಗಿಯಿತು. ಮೇಲ್ನೋಟಕ್ಕೆ ಇದು ಯಾರ ಯಂತ್ರ ಹೆಚ್ಚು ಚುರುಕು ಎಂಬ ಸ್ಪರ್ಧೆ. ಆದರೆ ಜಗಳದ ಮೂಲ ಬೇರೆಯೇ ಇತ್ತು. ಆ ಯಂತ್ರದಲ್ಲಿ ಯಾವ ಆಟ ನಡೆಯಬೇಕು, ಅದಕ್ಕೆ ಅಪ್ಪಣೆ ಕೊಡುವವರು ಯಾರು ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು.

ಅಟಾರಿ ಕಲಿಸಿದ ಪಾಠ

ಮನೆಯ ಟಿ.ವಿ.ಗೆ ಜೋಡಿಸುವ ಮೊದಲ ಆಟದ ಯಂತ್ರವನ್ನು ಅಮೆರಿಕದ ಮ್ಯಾಗ್ನವಾಕ್ಸ್ ಕಂಪನಿ 1972ರಲ್ಲಿ ಮಾರಿತು. 1977ರಲ್ಲಿ ಅಟಾರಿ ಕಂಪನಿ ತಂದ ಯಂತ್ರದಲ್ಲಿ ಬೇಕಾದ ಆಟದ ಕ್ಯಾಸೆಟ್ ಬದಲಾಯಿಸಿ ಹಾಕಬಹುದಿತ್ತು. ಯಂತ್ರವನ್ನು ಜನ ಒಮ್ಮೆ ಕೊಳ್ಳುತ್ತಾರೆ, ಕ್ಯಾಸೆಟ್ಟುಗಳನ್ನು ಮತ್ತೆ ಮತ್ತೆ ಕೊಳ್ಳುತ್ತಾರೆ. ಹೈಬ್ರಿಡ್ ಬೀಜ ಬಿತ್ತುವ ಯಲಬುರ್ಗಾ, ಕುಷ್ಟಗಿ ಭಾಗದ ರೈತರಿಗೆ ಈ ವ್ಯಾಪಾರದ ಗುಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ಹೊಲ ತಮ್ಮದೇ ಆದರೂ ಪ್ರತಿ ಮುಂಗಾರಿಗೂ ಬೀಜದ ಚೀಲವನ್ನು ಹೊಸದಾಗಿ ಕೊಳ್ಳಬೇಕು.

ಅಟಾರಿಯ ತೊಂದರೆ ಎಂದರೆ ಅದರ ಯಂತ್ರಕ್ಕೆ ಬೀಗವಿರಲಿಲ್ಲ. ಆಟ ರಚಿಸಿದವರ ಹೆಸರನ್ನೂ ಹಾಕದ ಕಂಪನಿಯ ಧೋರಣೆಯಿಂದ ಬೇಸತ್ತ ಕೆಲವು ನೌಕರರು 1979ರಲ್ಲಿ ಹೊರಬಂದು ‘ಆಕ್ಟಿವಿಷನ್’ ಸಂಸ್ಥೆ ಕಟ್ಟಿದರು. ಅವರು ಅಟಾರಿ ಯಂತ್ರಕ್ಕೇ ಆಟಗಳನ್ನು ತಯಾರಿಸಿ ಮಾರಿದರು. ಅಟಾರಿ ಕೋರ್ಟಿಗೆ ಹೋದರೂ ಅದನ್ನು ತಡೆಯಲಾಗಲಿಲ್ಲ. ಅವರನ್ನು ನೋಡಿ ಕಂಡಕಂಡವರೆಲ್ಲ ಈ ವ್ಯಾಪಾರಕ್ಕಿಳಿದರು. ಕಳಪೆ ಆಟಗಳು ಅಂಗಡಿಗಳಲ್ಲಿ ತುಂಬಿ, 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿಯಿತು. ಬಿಕರಿಯಾಗದ ಕ್ಯಾಸೆಟ್ಟುಗಳನ್ನು ಅಟಾರಿ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂಳಿತು. 2014ರಲ್ಲಿ ಅಲ್ಲಿ ಅಗೆದಾಗ ಅವು ಹೊರಬಂದವು.

ಬೀಗ ಹಾಕಿದ ನಿಂಟೆಂಡೊ

1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುತ್ತ ಹುಟ್ಟಿದ ನಿಂಟೆಂಡೊ, ಅಟಾರಿಯ ಸೋಲಿನಿಂದ ಪಾಠ ಕಲಿಯಿತು. 1985ರಲ್ಲಿ ಅಮೆರಿಕಕ್ಕೆ ತಂದ ಯಂತ್ರದೊಳಗೆ ಅದು ಒಂದು ಚಿಪ್ಪನ್ನು ಬೀಗದಂತೆ ಇರಿಸಿತು. ಕ್ಯಾಸೆಟ್ಟಿನಲ್ಲಿ ಅದರ ಜೋಡಿ ಚಿಪ್ ಇಲ್ಲದಿದ್ದರೆ ಆಟ ನಡೆಯುತ್ತಿರಲಿಲ್ಲ. ಹೊರಗಿನ ಕಂಪನಿ ವರ್ಷಕ್ಕೆ 5 ಆಟ ಮಾತ್ರ ತರಬಹುದಿತ್ತು. ಅದೇ ಆಟವನ್ನು 2 ವರ್ಷ ಎದುರಾಳಿಗೆ ಕೊಡುವಂತಿರಲಿಲ್ಲ. ಕ್ಯಾಸೆಟ್ಟುಗಳನ್ನೂ ನಿಂಟೆಂಡೊದಿಂದಲೇ ಮಾಡಿಸಬೇಕಿತ್ತು.

ಸೆಗಾ 1988ರಲ್ಲಿ ಹೆಚ್ಚು ಬಲವಾದ ‘ಮೆಗಾ ಡ್ರೈವ್’ ತಂದಿತು. 1991ರಲ್ಲಿ ಮಾರಿಯೊಗೆ ಎದುರಾಗಿ ‘ಸೋನಿಕ್’ ಎಂಬ ಮುಳ್ಳುಹಂದಿಯನ್ನು ಓಡಿಸಿತು. ಜಾಹೀರಾತುಗಳಲ್ಲಿ ನಿಂಟೆಂಡೊವನ್ನು ಹೆಸರಿಟ್ಟೇ ಗೇಲಿ ಮಾಡಿತು. ಆದರೆ ‘ಇಬ್ಬರ ಜಗಳ, ಮೂರನೆಯವನಿಗೆ ಲಾಭ’ ಎಂಬ ಮಾತು ಇಲ್ಲಿಯೂ ನಿಜವಾಯಿತು. 1991ರ ಜೂನ್‌ನಲ್ಲಿ ಚಿಕಾಗೊದ ಪ್ರದರ್ಶನದಲ್ಲಿ ಸೋನಿ ಕಂಪನಿ, ನಿಂಟೆಂಡೊ ಜತೆಗೂಡಿ ಸಿ.ಡಿ. ಯಂತ್ರ ತರುವುದಾಗಿ ಪ್ರಕಟಿಸಿತು. ಮರುದಿನವೇ ನಿಂಟೆಂಡೊ ತನ್ನ ಜತೆಗಾರ ಫಿಲಿಪ್ಸ್ ಎಂದು ಸಾರಿತು. ಅವಮಾನಿತ ಸೋನಿ 1994ರ ಡಿಸೆಂಬರ್‌ನಲ್ಲಿ ತಾನೇ ‘ಪ್ಲೇಸ್ಟೇಷನ್’ ತಂದಿತು. ಕ್ಯಾಸೆಟ್ಟಿಗಿಂತ ಸಿ.ಡಿ. ಅಗ್ಗ, ಅದರಲ್ಲಿ ಹಿಡಿಯುವುದೂ ಬಹಳ. ಆಟ ತಯಾರಕರು ನಿಂಟೆಂಡೊ ಬಿಟ್ಟು ಅತ್ತ ಹೊರಳಿದರು. ಸೆಗಾ ಸೋತ 2001ರ ಕೊನೆಯಲ್ಲೇ ಸೋನಿಕ್ ಮುಳ್ಳುಹಂದಿ ನಿಂಟೆಂಡೊ ಯಂತ್ರದಲ್ಲಿ ಓಡತೊಡಗಿತು.

ನಕಲಿನದೇ ರಾಜ್ಯ

ಇಷ್ಟೆಲ್ಲ ಕಾದಾಟ ನಡೆಯುತ್ತಿದ್ದಾಗ ನಮ್ಮ ದೇಶದಲ್ಲಿ ಗೆದ್ದವರು ಯಾರು? ಶೇ. 80ರ ಆಮದು ಸುಂಕವನ್ನು ತಪ್ಪಿಸಲು ಸೆಗಾ 1995ರಲ್ಲಿ ಶಾ ವಾಲೇಸ್ ಕಂಪನಿಯ ಮೂಲಕ ಭಾರತಕ್ಕೆ ಬಂತು. ಆದರೂ ಯಂತ್ರದ ಬೆಲೆ 18 ಸಾವಿರ ರೂಪಾಯಿ. ಅಂದಿನ ಮಧ್ಯಮ ವರ್ಗಕ್ಕೆ ಅದು ಎಟುಕುವಂತಿರಲಿಲ್ಲ. ಇತ್ತ ಜಪಾನಿನ ಫ್ಯಾಮಿಕಾಮ್‌ನಲ್ಲಿ ಬೀಗದ ಚಿಪ್ ಇರಲಿಲ್ಲವಾದ್ದರಿಂದ ಅದನ್ನು ನಕಲು ಮಾಡುವುದು ಸುಲಭವಾಯಿತು. ‘ಲಿಟಲ್ ಮಾಸ್ಟರ್’, ‘ಟರ್ಮಿನೇಟರ್’ ಮುಂತಾದ ಹೆಸರಿನ ನಕಲು ಯಂತ್ರಗಳು, ಹತ್ತಾರು ಆಟ ತುಂಬಿದ ಒಂದೇ ಕ್ಯಾಸೆಟ್ ಸಮೇತ ಸಣ್ಣ ಊರುಗಳ ಅಂಗಡಿಗಳಿಗೂ ಬಂದವು. ಒಂದು ಇಡೀ ಪೀಳಿಗೆ ಮಾರಿಯೊ ಆಡುತ್ತ ಬೆಳೆಯಿತು. ಆ ನಕಲುಗಳಿಂದ ನಿಂಟೆಂಡೊಗೆ ಬಿಡಿಗಾಸೂ ದಕ್ಕಲಿಲ್ಲ.

ನಂತರದ ದಿನಗಳಲ್ಲಿ ಕರ್ನಾಟಕದವರು ಈ ಉದ್ಯಮದ ಇನ್ನೊಂದು ತುದಿಯನ್ನೂ ಸೇರಿದರು. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಆರಂಭಿಸಿದ ‘ಧ್ರುವ’ ಸಂಸ್ಥೆ ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟಿತು. ಮೈಕ್ರೊಸಾಫ್ಟ್‌ನ ‘ಫೋರ್ಜಾ’ ಕಾರು ಪಂದ್ಯದ ಆಟಗಳಿಗೂ ಅದು ದುಡಿಯಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡಿತು. ಕೆಲಸ ಇಲ್ಲಿಯವರದಾದರೂ ಆಟದ ಒಡೆತನ ಹೊರಗಿನವರದೇ ಆಗಿ ಉಳಿಯಿತು.

ಬೀಗ ಮುರಿದು ಹೊರಬಂದವರು ಕಟ್ಟಿದ ಆಕ್ಟಿವಿಷನ್ ಕಥೆಯೂ ಇದಕ್ಕಿಂತ ಭಿನ್ನವಲ್ಲ. 2023ರಲ್ಲಿ ಮೈಕ್ರೊಸಾಫ್ಟ್ ಸುಮಾರು 6,870 ಕೋಟಿ ಡಾಲರ್‌ಗೆ ಅದನ್ನು ಖರೀದಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಅಂದಿನಿಂದ ದುಡ್ಡು ಕೊಟ್ಟರೂ ಕೊಳ್ಳುವಂತಿಲ್ಲ. ಇಂದು ಹಳ್ಳಿಯ ಹುಡುಗರು ಆಡುವುದು ಮೊಬೈಲ್‌ನಲ್ಲಿ. ಅಲ್ಲಿಯೂ ಆಟ ಬರುವುದು ಹೆಚ್ಚಾಗಿ ಗೂಗಲ್ ಅಥವಾ ಆಪಲ್ ಅಂಗಡಿಯ ಬಾಗಿಲಿನಿಂದಲೇ. ಕ್ಯಾಸೆಟ್ಟಿನ ಕಾಲದಲ್ಲಿ ಕೊಂಡ ಆಟವನ್ನು ಗೆಳೆಯನಿಗೆ ಎರವಲು ಕೊಡಬಹುದಿತ್ತು, ಬೇಡವಾದಾಗ ಮಾರಬಹುದಿತ್ತು. ಇಳಿಸಿಕೊಂಡ ಆಟಕ್ಕೆ ಆ ಸ್ವಾತಂತ್ರ್ಯವಿಲ್ಲ.