ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಘನ ಆಹಾರದ ಪುನರಾರಂಭ: ಸಾರ್ವಜನಿಕರಿಗೆ ಮಾಹಿತಿ

ಅತಿಯಾದ ಬೊಜ್ಜಿನ ನಿವಾರಣೆಗಾಗಿ ಜಠರದ ಶಸ್ತ್ರಚಿಕಿತ್ಸೆಗೆ ಒಳಗಾದವರ ಹಾಗೂ ಅವರ ಕುಟುಂಬದವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯಲಾಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್ ವಿಧಾನದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಸಣ್ಣ ಚೀಲವನ್ನು ರಚಿಸಿ ಕರುಳಿಗೆ ಜೋಡಿಸಲಾಗುತ್ತದೆ. ಆದ್ದರಿಂದ ಮೊದಲಿನ ಊಟದ ಪದ್ಧತಿಯನ್ನು ಮುಂದುವರಿಸಲು ಸಾಧ್ಯವಿರುವುದಿಲ್ಲ.

ಆಹಾರದ ಹಂತಗಳು (ಸಾಮಾನ್ಯವಾಗಿ)
1. ಮೊದಲ 2 ವಾರಗಳು: ಬೇಳೆ ಕಟ್ಟು, ತಿಳಿ ಮಜ್ಜಿಗೆ, ಕೆನೆ ತೆಗೆದ ಹಾಲು ಮುಂತಾದ ದ್ರವಾಹಾರ.
2. 3 ಮತ್ತು 4ನೇ ವಾರ: ನುಣ್ಣಗೆ ಅರೆದ ಬೇಳೆ ಹಾಗೂ ತರಕಾರಿ.
3. 5 ಮತ್ತು 6ನೇ ವಾರ: ಬೇಯಿಸಿದ ಮೊಟ್ಟೆ, ಪನೀರ್, ಮೀನು ಮುಂತಾದ ಮೆದು ಆಹಾರ.
4. ತದನಂತರ: ಘನ ಆಹಾರ, ಒಂದು ಬಾರಿಗೆ ಒಂದು ಹೊಸ ಪದಾರ್ಥ ಮಾತ್ರ.

ಡಿಸ್ಚಾರ್ಜ್ ಸಾರಾಂಶದಲ್ಲಿ ಬೇರೆ ಅವಧಿಯನ್ನು ನಮೂದಿಸಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

ಊಟದ ಕ್ರಮ
ಹಳೆ ಮೈಸೂರು ಭಾಗದಲ್ಲಿ ರಾಗಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವುದು ರೂಢಿಯಲ್ಲಿದೆ. ಶಸ್ತ್ರಚಿಕಿತ್ಸೆಯ ನಂತರ ಹೀಗೆ ನುಂಗಿದ ತುತ್ತು ಕಿರಿದಾದ ಮಾರ್ಗದಲ್ಲಿ ಸಿಲುಕಿ ಎದೆನೋವು ಮತ್ತು ವಾಂತಿಯನ್ನು ಉಂಟುಮಾಡಬಹುದು. ಮೆತ್ತನೆಯ ಅನ್ನ ಹಾಗೂ ಚಪಾತಿಯೂ ಕೆಲವರಿಗೆ ಇದೇ ರೀತಿ ತೊಂದರೆ ನೀಡುತ್ತವೆ. ಆದುದರಿಂದ:
• ಸಣ್ಣ ತುತ್ತನ್ನು 20ರಿಂದ 30 ಬಾರಿ ಅಗಿಯಬೇಕು. ಊಟಕ್ಕೆ 20ರಿಂದ 30 ನಿಮಿಷ ಮೀಸಲಿಡಬೇಕು.
• ಊಟದ ಜೊತೆ ನೀರು ಕುಡಿಯಬಾರದು. ಊಟವಾಗಿ 30 ನಿಮಿಷಗಳ ನಂತರ ಗುಟುಕು ಗುಟುಕಾಗಿ ಕುಡಿಯಬೇಕು.
• ಮೊದಲು ಪ್ರೋಟೀನ್‌ಯುಕ್ತ ಪದಾರ್ಥವನ್ನು ಸೇವಿಸಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸಾಮಾನ್ಯ ಗುರಿಯಾಗಿರುತ್ತದೆ.
• ಹೊಟ್ಟೆ ತುಂಬಿದ ಭಾವನೆ ಬಂದ ಕೂಡಲೇ ನಿಲ್ಲಿಸಬೇಕು.
• ಸಿಹಿತಿಂಡಿಯಿಂದ, ವಿಶೇಷವಾಗಿ ಬೈಪಾಸ್ ಆದವರಿಗೆ, ಬೆವರು, ತಲೆಸುತ್ತು ಮತ್ತು ಭೇದಿ ಉಂಟಾಗಬಹುದು.

ಕುಟುಂಬದವರ ಗಮನಕ್ಕೆ
ಎಲೆಯಲ್ಲಿ ಅನ್ನ ಉಳಿಸುವುದು ಅಗೌರವವಲ್ಲ. ಮದುವೆ, ಹಬ್ಬಗಳಲ್ಲಿ “ಇನ್ನೊಂದು ತುತ್ತು” ಎಂದು ಒತ್ತಾಯಿಸಬಾರದು. ಆರಂಭದಲ್ಲಿಯೇ ಕಡಿಮೆ ಬಡಿಸುವುದು ಉತ್ತಮ.

ವಿಶೇಷ ಎಚ್ಚರಿಕೆ
ಪದೇ ಪದೇ ಆಗುವ ವಾಂತಿಯನ್ನು ಸಹಜವೆಂದು ಸಹಿಸಿಕೊಳ್ಳಬಾರದು. ಇದರಿಂದ ಥಯಾಮಿನ್ (ವಿಟಮಿನ್ ಬಿ1) ಕೊರತೆಯುಂಟಾಗಿ ನರಗಳಿಗೆ ಹಾಗೂ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ವಾಂತಿ ಒಂದೆರಡು ದಿನಗಳಲ್ಲಿ ನಿಲ್ಲದಿದ್ದರೆ ಶಸ್ತ್ರಚಿಕಿತ್ಸಕರನ್ನು ಕಾಣತಕ್ಕದ್ದು. ನೀರೂ ನಿಲ್ಲದಿದ್ದಲ್ಲಿ, ತೀವ್ರ ಹೊಟ್ಟೆನೋವು, ಜ್ವರ ಅಥವಾ ಎದೆಬಡಿತದ ಹೆಚ್ಚಳ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳಬೇಕು.

ವಿಟಮಿನ್ ಮಾತ್ರೆಗಳನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಮಧುಮೇಹ ಹಾಗೂ ರಕ್ತದೊತ್ತಡದ ಔಷಧಿಗಳ ಪ್ರಮಾಣವನ್ನು ವೈದ್ಯರ ಸಲಹೆಯಿಲ್ಲದೆ ಬದಲಾಯಿಸಬಾರದು. ಪ್ರತಿ ಮರುಭೇಟಿಗೂ ಡಿಸ್ಚಾರ್ಜ್ ಸಾರಾಂಶವನ್ನು ತಪ್ಪದೆ ತೆಗೆದುಕೊಂಡು ಹೋಗಲು ಕೋರಲಾಗಿದೆ.