ಗಾಜಿನಾಚೆಯ ಹಗೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದವರಿಗೆ ಒಂದು ಸಂಕಟ ಚೆನ್ನಾಗಿ ಗೊತ್ತು. ನಿನ್ನೆಯವರೆಗೆ ಅನ್ಯೋನ್ಯವಾಗಿದ್ದ ಜೋಡಿಯಲ್ಲಿ ಇಂದು ಗಂಡು ಹೆಣ್ಣನ್ನು ಮೂಲೆಗಟ್ಟಿ ರೆಕ್ಕೆ ಹರಿಯುತ್ತಿರುತ್ತದೆ. ಹೊಳೆಯಲ್ಲಾದರೆ ಸೋತ ಮೀನು ಓಡಿ ಬದುಕಿಕೊಳ್ಳುತ್ತದೆ, ತೊಟ್ಟಿಯಲ್ಲಿ ಓಡುವುದೆಲ್ಲಿಗೆ? ಕಲ್ಲು, ಜಲಸಸ್ಯ, ಮಡಕೆಯ ಚೂರು ಇವುಗಳಿಂದ ಮರೆಮಾಡಿಕೊಡುವುದು ಹಳೆಯ ಉಪಾಯ.

ಸಿಕ್ಲಿಡ್ ಕುಲದ ಮೀನುಗಳಿಗೆ ಇನ್ನೊಂದು ಉಪಾಯವಿತ್ತು. ಆಸ್ಟ್ರಿಯದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆನ್ಸನು ಆಕ್ರಮಣ ಪ್ರವೃತ್ತಿಯನ್ನು ಕುರಿತು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ವರ್ಣಿಸಿದ್ದಾನೆ. ತೊಟ್ಟಿಯ ನಡುವೆ ಗಾಜಿನ ಹಲಗೆ. ಎರಡು ಬದಿಗೂ ಒಂದೊಂದು ಜೋಡಿ. ಗಂಡುಗಳು ಗಾಜಿನ ಮೂಲಕವೇ ಪರಸ್ಪರ ಸಿಟ್ಟು ತೀರಿಸಿಕೊಳ್ಳುತ್ತವೆ, ಹೆಂಡಿರು ಕ್ಷೇಮವಾಗಿರುತ್ತಾರೆ. ದಿನಗಳೆದಂತೆ ಗಾಜಿಗೆ ಪಾಚಿ ಕಟ್ಟಿ ನೆರೆಮನೆಯ ಹಗೆ ಕಾಣದಾದಾಗ, ಗಂಡ ಹೆಂಡತಿಯ ಮೇಲೆ ತಿರುಗುತ್ತಾನೆ. ಪಾಚಿ ಒರೆಸಿದರೆ ಮತ್ತೆ ಸಂಸಾರ ನೆಟ್ಟಗೆ! ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ನಮ್ಮ ಗಾದೆಯನ್ನು ಆತ ಕೇಳಿದ್ದರೆ ಮೆಚ್ಚುತ್ತಿದ್ದನೇನೋ.

1969ರಲ್ಲಿ ಆನ್ ರಾಸಾ ಎಂಬ ಸಂಶೋಧಕಿ ಇದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಎಟ್ರೋಪ್ಲಸ್ ಮ್ಯಾಕ್ಯುಲೇಟಸ್ ಎಂಬ ಕಿತ್ತಳೆ ಬಣ್ಣದ ಪುಟ್ಟ ಮೀನನ್ನು. ಇದು ದಕ್ಷಿಣ ಭಾರತ, ಶ್ರೀಲಂಕಾಗಳ ಹಿನ್ನೀರಿನ ಜೀವಿ. ನೆರೆಯವರು ಕಾಣದಂತೆ ಒಂಟಿಯಾಗಿಟ್ಟ ಜೋಡಿಗಳೇ ಹೆಚ್ಚಾಗಿ ಮುರಿದುಬಿದ್ದುವು.

ಲೊರೆನ್ಸನು ಇಲ್ಲಿಗೆ ನಿಲ್ಲಲಿಲ್ಲ. ಕೋಪವೆಂಬುದು ಒಳಗೆ ತಾನಾಗಿ ತುಂಬಿಕೊಳ್ಳುವ ನೀರು, ಹರಿಯಲು ದಾರಿ ಬೇಕು. ಮನುಷ್ಯನೂ ಇದಕ್ಕೆ ಹೊರತಲ್ಲ ಎಂದ. ಆದರೆ ವಾಲ್ಟರ್ ಹೈಲಿಗೆನ್‌ಬರ್ಗನ ಸಿಕ್ಲಿಡ್ ಪ್ರಯೋಗಗಳಲ್ಲಿ ಬೇರೆ ಕಥೆ ಕಂಡಿತು. ಹಗೆಯ ಬೊಂಬೆಯನ್ನು ಸ್ವಲ್ಪ ಹೊತ್ತು ತೋರಿಸಿದರೆ ಮೀನಿನ ಜಗಳಗಂಟಿತನ ಏರಿತು, ನಿಧಾನವಾಗಿ ಇಳಿಯಿತು. ಹಗೆಯನ್ನು ನೋಡುವುದೇ ಕೋಪ ಹುಟ್ಟಿಸುವುದಾದರೆ, ಕೂಡಿಟ್ಟ ನೀರಿನ ಮಾತು ಎಷ್ಟು ಗಟ್ಟಿ? ತೊಟ್ಟಿಯ ಮೀನಿನಿಂದ ರಾಷ್ಟ್ರಗಳ ಯುದ್ಧಕ್ಕೆ ಹಾರುವುದಂತೂ ನನಗೆ ದುಡುಕಾಗಿ ತೋರುತ್ತದೆ.

ಈ ಮಾತಿಗೆ ಇನ್ನೊಂದು ಹಿನ್ನೆಲೆಯುಂಟು. ಲೊರೆನ್ಸನು 1938ರಲ್ಲಿ ನಾಜಿ ಪಕ್ಷವನ್ನು ಸೇರಿದ್ದವನು. ಅವನ ಗೆಳೆಯ, ಹಾಲೆಂಡಿನ ನಿಕೊ ಟಿನ್‌ಬರ್ಗನ್, ವಜಾಗೊಂಡ ಯೆಹೂದಿ ಸಹೋದ್ಯೋಗಿಗಳ ಪರ ನಿಂತು 1942ರಿಂದ 1944ರವರೆಗೆ ಜರ್ಮನರ ಸೆರೆಶಿಬಿರದಲ್ಲಿದ್ದವನು. ಯುದ್ಧಾನಂತರ ಸ್ನೇಹ ಮತ್ತೆ ಕೂಡಿತು. 1973ರಲ್ಲಿ ಕಾರ್ಲ್ ಫಾನ್ ಫ್ರಿಷ್ ಜೊತೆಗೆ ಇಬ್ಬರೂ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಆದರೂ ಟಿನ್‌ಬರ್ಗನ್ 1968ರಲ್ಲೇ ಎಚ್ಚರಿಸಿದ್ದ: ಪ್ರಾಣಿಗಳ ಅಧ್ಯಯನದಿಂದ ಮನುಷ್ಯನಿಗೆ ಅನ್ವಯಿಸಬೇಕಾದದ್ದು ಅಲ್ಲಿ ಬಳಸಿದ ವಿಧಾನವನ್ನು, ಅಲ್ಲಿ ದೊರೆತ ಫಲಿತಾಂಶಗಳನ್ನಲ್ಲ ಎಂದು.