ಹಳ್ಳಿಯಾಗದ ಪಳ್ಳಿ

ಯಶವಂತಪುರದಲ್ಲಿ ಮೆಟ್ರೋ ಹತ್ತಿ ಮಾದಾವರದ ಕಡೆಗೆ ಹೊರಟರೆ ಗೊರಗುಂಟೆಪಾಳ್ಯ, ಪೀಣ್ಯ ದಾಟಿ ಜಾಲಹಳ್ಳಿ, ದಾಸರಹಳ್ಳಿ ಬರುತ್ತವೆ. ಈ ಹೆಸರುಗಳ ಕೊನೆಯ ಹಳ್ಳಿಯ ಹಳೆಯ ರೂಪ ಪಳ್ಳಿ. ಹಳಗನ್ನಡದ ಪಾಲ್ ಹಾಲಾದ, ಪೂ ಹೂವಾದ, ಪೊಸತು ಹೊಸತಾದ ದಾರಿಯಲ್ಲೇ ಪಳ್ಳಿಯೂ ಹಳ್ಳಿಯಾಯಿತು. ಪಂಪನ ಕನ್ನಡಕ್ಕೆ ಪಕಾರವೇ ಸಹಜ. ಆಮೇಲಿನ ಶತಮಾನಗಳಲ್ಲಿ ಹಕಾರ ಮೆಲ್ಲಗೆ ಒಳಹೊಕ್ಕು ಗೆದ್ದುಬಿಟ್ಟಿತು.

ನೆರೆಯವರು ಪಕಾರ ಬಿಡಲಿಲ್ಲ, ಅರ್ಥವನ್ನು ಹಿಗ್ಗಿಸಿದರು. ತಮಿಳಿನ ಪಳ್ಳಿ ಊರೂ ಹೌದು, ಜೈನ ಬೌದ್ಧ ಸನ್ಯಾಸಿಗಳ ವಸತಿಯೂ ಹೌದು, ಶಾಲೆಯೂ ಹೌದು, ಮಲಗುವ ಎಡೆಯೂ ಹೌದು. ಶ್ರೀವೈಷ್ಣವರು ಧನುರ್ಮಾಸದ ನಸುಕಿನಲ್ಲಿ ಹೇಳುವ ತಿರುಪ್ಪಳ್ಳಿಯೆಳುಚ್ಚಿ ಶ್ರೀರಂಗದ ರಂಗನಾಥನನ್ನು ಹಾಸಿಗೆಯಿಂದ ಎಬ್ಬಿಸುವ ಹಾಡು. ಮಲಯಾಳಿಗಳಿಗೆ ಚರ್ಚೂ ಪಳ್ಳಿ, ಮಸೀದಿಯೂ ಪಳ್ಳಿ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಯೆಹೂದಿಗಳದ್ದೂ ಪಳ್ಳಿಯೇ. ಯಶವಂತಪುರದಿಂದ ಕಣ್ಣೂರಿಗೆ ಹೋಗುವ ರೈಲಿನಲ್ಲಿ ಯಾರಾದರೂ ಪಳ್ಳಿಯ ಮಾತೆತ್ತಿದರೆ ಯಾವ ಪಳ್ಳಿ ಎಂದು ಕೇಳಿಯೇ ತಿಳಿಯಬೇಕು. ದಕ್ಷಿಣ ಕನ್ನಡದಲ್ಲಿ ಆ ಗೊಂದಲವಿಲ್ಲ: ಪಳ್ಳಿ ಬ್ಯಾರಿಗಳ ಮಸೀದಿ, ಚರ್ಚಿಗೆ ಪೋರ್ಚುಗೀಸಿನಿಂದ ಬಂದ ಇಗರ್ಜಿ ಇದೆ.

ಬೆಂಗಳೂರಿನಲ್ಲಿ ಈ ಪದ ಕುತೂಹಲ ಹುಟ್ಟಿಸುವುದು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಸುತ್ತ. ಅದರ ಮೂಲ, ಫ್ರೆಂಚ್ ಪಾದ್ರಿ ಅಬೆ ದುಬಾ 1818ರಲ್ಲಿ ಕಟ್ಟಿಸಿದ ಹುಲ್ಲುಮಾಡಿನ ಪುಟ್ಟ ಗುಡಿ. ಈಗಿನ ಗಾಥಿಕ್ ಕಟ್ಟಡ 1882ರದು. ಅಲ್ಲಿ ಮಗುವನ್ನೆತ್ತಿಕೊಂಡ ಮೇರಿಮಾತೆಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕೇರಿಯೆಲ್ಲ ತುಂಬಿಹೋಗುತ್ತದೆ. ಆ ಕೇರಿಯ ಹಳೆಯ ಹೆಸರು ಬ್ಲಾಕ್‌ಪಳ್ಳಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ ‘ಬಿಳಿ ಅಕ್ಕಿ ಪಳ್ಳಿ’ ಇಂಗ್ಲಿಷರ ಬಾಯಲ್ಲಿ ಹೀಗಾಯಿತು ಎನ್ನುತ್ತಾರೆ ಜನ. ಬಿಳಿಯದು ಕಪ್ಪಾದ ಈ ಕತೆ ಸೊಗಸಾಗಿದೆ, ಆದರೆ ಅಕ್ಕಿಯನ್ನು ನಾನು ಅಷ್ಟು ನಂಬುವುದಿಲ್ಲ. ನನ್ನ ಗಮನವೆಲ್ಲ ಪಳ್ಳಿಯ ಮೇಲೆ. ಇಂಗ್ಲಿಷರ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್, ಹುಟ್ಟಿದ 1809ರ ಹೊತ್ತಿಗೆ ಕನ್ನಡಿಗರ ಬಾಯಲ್ಲಿ ಅದು ಹಳ್ಳಿಯಾಗಿ ಶತಮಾನಗಳೇ ಕಳೆದಿದ್ದವು. ಇಲ್ಲಿ ಪಕಾರ ಉಳಿದದ್ದು ದಂಡಿನ ಜೊತೆ ಬಂದು ನೆಲೆಸಿದ ತಮಿಳರ ನಾಲಗೆಯಿಂದಲೇ ಎಂದು ನನಗೆ ತೋರುತ್ತದೆ.

ಬೋರ್ಡುಗಳಲ್ಲಿ ಈಗ ಬ್ಲಾಕ್‌ಪಳ್ಳಿ ಇಲ್ಲ. ನಿಮ್ಮ ಮನೆಯ ಹಿರಿಯರು ಕಂಟೋನ್ಮೆಂಟಿನ ಕಡೆಯವರಾಗಿದ್ದರೆ, ಅವರು ಆ ಹೆಸರನ್ನು ಹೇಗೆ ಉಚ್ಚರಿಸುತ್ತಾರೆಂದು ಕೇಳಿ ಬರೆದಿಡಿ.